ಒತ್ತಿದ್ದೆಲ್ಲವೂ ಒಪ್ಪಿಗೆಯೇ?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಕಣ್ಣಿನ ಪೊರೆ ಮೊದಲಾದವುಗಳನ್ನು ಕುರಿತು ಬಲ್ಲ ವೈದ್ಯರು ಬರೆದ ಲೇಖನಗಳು ಪ್ರತಿವರ್ಷವೂ ಪ್ರಕಟವಾಗುತ್ತವೆ. ಅವುಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನ ಲೇಖನಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ರೋಗಿಯಿಂದ ಒಂದು ಒಪ್ಪಿಗೆ ಪತ್ರಕ್ಕೆ ರುಜು ಪಡೆಯುತ್ತಾರಷ್ಟೆ. ಏನು ಮಾಡಲಾಗುವುದು, ಅದರಿಂದ ಅಪಾಯವೆಷ್ಟು, ಬೇರೆ ದಾರಿಯುಂಟೇ ಎಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಿದ ಮೇಲೆ ಬಿದ್ದ ರುಜುವಿಗೆ ಮಾತ್ರ ಒಪ್ಪಿಗೆಯೆಂಬ ಹೆಸರು ಸಲ್ಲುತ್ತದೆ. ಸಾಲವೂ ಒಂದು ಬಗೆಯ ಚಿಕಿತ್ಸೆಯೇ. ಪ್ರಮಾಣ ತಪ್ಪಿದರೆ ಅದು ಮನುಷ್ಯನ ನಿದ್ರೆಯನ್ನೂ ಜೀರ್ಣಶಕ್ತಿಯನ್ನೂ ಕೆಡಿಸುವುದೆಂಬುದನ್ನು ಎರಡು ದಶಕಗಳಿಂದ ಬ್ಯಾಂಕಿನ ಮೇಜಿನ ಈಚೆಗೆ ಕುಳಿತ ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಈ ಲೇಖನವನ್ನು ಆರೋಗ್ಯ ವಿಭಾಗದ ನೆರೆಮನೆಯೆಂದು ಭಾವಿಸಿ ಓದಬೇಕಾಗಿ ವಿನಂತಿ.

ಕಳೆದ ವರ್ಷದ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗ ಈ ಬರವಣಿಗೆಗೆ ಕಾರಣ. ಮುಂಬ್ರಾದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ, ಮೂಲತಃ ಉಡುಪಿ ಜಿಲ್ಲೆಯವರಾದ ಹಿರಿಯ ಬ್ಯಾರಿ ಸಾಹೇಬರೊಬ್ಬರು ನಮ್ಮ ಶಾಖೆಗೆ ಬಂದರು. ಇಲ್ಲಿಯ ಅಧಿಕಾರಿಯೊಬ್ಬರಿಗೆ ಕನ್ನಡ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಅವರ ಮೊಬೈಲಿನಲ್ಲಿ ಒಂದು ಸಾಲದ ಆ್ಯಪ್ ಇತ್ತು. ಅದು ನಮ್ಮ ಬ್ಯಾಂಕಿನದಲ್ಲ. ಹೆಸರು ಇಲ್ಲಿ ಬೇಡ. 50,000 ರೂಪಾಯಿ ತಮಗಾಗಿ ಸಿದ್ಧವಾಗಿದೆ ಎಂಬ ಸೂಚನೆ ಬಂದುದನ್ನು ಕಂಡು, ಅದೇನೆಂದು ನೋಡುವ ಕುತೂಹಲದಿಂದ ಅವರು ಒಂದರ ಮೇಲೊಂದು ಗುಂಡಿಗಳನ್ನು ಒತ್ತುತ್ತ ಹೋಗಿದ್ದರು. ಗುಪ್ತ ಸಂಖ್ಯೆ ಬಂತು, ಅದನ್ನೂ ತುಂಬಿದರು. ಹತ್ತು ನಿಮಿಷದಲ್ಲಿ ಖಾತೆಗೆ 48,000 ರೂಪಾಯಿ ಜಮೆಯಾಯಿತು. ಮುಂದಿನ ತಿಂಗಳು 4,584 ರೂಪಾಯಿಯ ಕಂತು ಖಾತೆಯಿಂದ ಕಡಿತವಾದಾಗಲೇ ಇದು ಬಡ್ಡಿಯ ಸಾಲವೆಂಬುದು ಅವರಿಗೆ ಪೂರ್ತಿಯಾಗಿ ತಿಳಿದದ್ದು.

“ಅಲ್ಲ ಸಾರ್, ನಾನು ಯಾರ ಮುಖವನ್ನೂ ನೋಡಲಿಲ್ಲ, ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಬೆರಳು ತಾಗಿದ್ದಕ್ಕೆ ಕರಾರು ಆಗುವುದುಂಟಾ? ನಮ್ಮಲ್ಲಿ ಬಡ್ಡಿ ಕೂಡದು. ಗೊತ್ತಿಲ್ಲದೆ ಒಪ್ಪಿದ್ದೂ ಒಪ್ಪಿಗೆಯೇ ಆಗ್ತದಾ?” ಎಂದು ಅವರು ಕೇಳಿದರು.

“ಸಾಹೇಬರೇ, ಮೊದಲನೆಯದಕ್ಕೆ ಈಗಲೇ ಉತ್ತರ ಹೇಳಬಲ್ಲೆ. ಎರಡನೆಯದಕ್ಕೆ ಸ್ವಲ್ಪ ಓದಬೇಕಾಗುತ್ತದೆ” ಎಂದು ನಾನೆಂದೆ. ಆ ಓದಿನ ಫಲವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಕಾಯಿದೆಯ ಮಾತು

1937ರ ಷರಿಯತ್ ಅಧಿನಿಯಮವು ವಿವಾಹ, ವಿಚ್ಛೇದನ, ಉತ್ತರಾಧಿಕಾರ ಮುಂತಾದ ಕೌಟುಂಬಿಕ ವಿಷಯಗಳಿಗೆ ಸಂಬಂಧಿಸಿದ್ದು. ಬ್ಯಾಂಕಿನ ಕರಾರುಗಳಿಗೆ ಹಿಂದೂ, ಮುಸ್ಲಿಮ್, ಕ್ರೈಸ್ತರೆಂಬ ಭೇದವಿಲ್ಲದೆ 1872ರ ಭಾರತೀಯ ಕರಾರು ಅಧಿನಿಯಮವೇ ಅನ್ವಯಿಸುತ್ತದೆ. ಷರಿಯತ್ತಿನ ಕರಾರು ಸಂಹಿತೆ ಇಲ್ಲಿ ನ್ಯಾಯಾಲಯದ ಆಜ್ಞೆಯಲ್ಲ, ಆಸ್ತಿಕನ ಅಂತಃಸಾಕ್ಷಿಯ ಆಜ್ಞೆ ಮಾತ್ರ. ಆದರೆ ಅಂತಃಸಾಕ್ಷಿಯನ್ನು ಹೊರಗಿಟ್ಟು ಬ್ಯಾಂಕು ನಡೆಯಲಾರದೆಂಬುದು ನನ್ನ ನಂಬಿಕೆ.

ಮುಖ ನೋಡದೆ ಕರಾರು ಏರ್ಪಡುವುದು ಹೊಸದೇನೂ ಅಲ್ಲ. ಖಾಮಗಾಂವದ ವ್ಯಾಪಾರಿಗಳಿಗೂ ಅಹಮದಾಬಾದಿನ ವ್ಯಾಪಾರಿಗಳಿಗೂ ದೂರವಾಣಿಯಲ್ಲಿ ನಡೆದ ಹತ್ತಿಹಿಂಡಿಯ ವ್ಯವಹಾರವೊಂದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಅಂಚೆಯ ಪತ್ರದ ವಿಷಯ ಬೇರೆ. ದೂರವಾಣಿಯಲ್ಲಾದರೆ ಒಪ್ಪಿಗೆಯ ಮಾತು ಕಿವಿಗೆ ಬಿದ್ದ ಸ್ಥಳದಲ್ಲಿಯೇ ಕರಾರು ಪೂರ್ಣವಾಗುತ್ತದೆಂದು 1965ರಲ್ಲಿ ಬಹುಮತದ ತೀರ್ಪು ಬಂದಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಭಿನ್ನಮತ ಬರೆದರು. ಮುಂದೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಬಂದು, 2008ರ ತಿದ್ದುಪಡಿಯಿಂದ ಅದಕ್ಕೆ ಸೇರಿದ 10ಎ ಕಲಮು, ಕರಾರು ವಿದ್ಯುನ್ಮಾನ ರೂಪದಲ್ಲಿದೆಯೆಂಬ ಒಂದೇ ಕಾರಣಕ್ಕೆ ಅಸಿಂಧುವಾಗದೆಂದು ಸ್ಪಷ್ಟಪಡಿಸಿತು. ಹೀಗಾಗಿ ಸಾಹೇಬರ ಮೊದಲ ಪ್ರಶ್ನೆಗೆ ಉತ್ತರ: ಹೌದು, ಬೆರಳು ತಾಗಿದ್ದಕ್ಕೂ ಕರಾರು ಆಗುವುದುಂಟು.

ಆದರೆ ಅದೇ 1872ರ ಅಧಿನಿಯಮದ 13ನೆಯ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಕೊಡುವವನ ಅರ್ಥ ಬಡ್ಡಿಯ ಸಾಲ. ಒತ್ತಿದವನ ಅರ್ಥ ಅದೇನೆಂದು ನೋಡುವ ಕುತೂಹಲ. ಇಲ್ಲಿ ಒಂದೇ ಅರ್ಥವೆಲ್ಲಿದೆ? ನ್ಯಾಯಾಲಯದಲ್ಲಿ ಇದನ್ನು ಸಾಧಿಸುವುದು ಕಷ್ಟವೆಂಬುದು ನಿಜ. ಗುಪ್ತ ಸಂಖ್ಯೆ ತುಂಬಿದ ದಾಖಲೆ ಸಾಲ ಕೊಟ್ಟವನ ಕೈಯಲ್ಲಿ ಭದ್ರವಾಗಿರುತ್ತದೆ. ಆದರೂ ಪ್ರಶ್ನೆ ಉಳಿದೇ ಉಳಿಯುತ್ತದೆ.

ಷರಿಯತ್ತಿನ ಮಾತು

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಕರಾರಿಗೆ ಇಜಾಬ್ ಎಂಬ ಪ್ರಸ್ತಾಪ, ಖಬೂಲ್ ಎಂಬ ಸ್ವೀಕಾರ ಇವೆರಡೂ ಬೇಕು. ಇವೆರಡೂ ಒಂದೇ ಮಜ್ಲಿಸ್‌ನಲ್ಲಿ, ಅಂದರೆ ಒಂದೇ ಬೈಠಕ್ಕಿನಲ್ಲಿ ಕೂಡಿಬರಬೇಕು. ಎದುರೆದುರು ಕುಳಿತು ವ್ಯಾಪಾರ ಮಾಡುತ್ತಿದ್ದ ಕಾಲದ ನಿಯಮವಿದು. ಆದರೂ ದೂರದಲ್ಲಿರುವವನಿಗೆ ಬರೆದ ಪತ್ರವು ಆಡಿದ ಮಾತಿಗೆ ಸಮಾನವೆಂದು ಹಿಂದಿನ ನ್ಯಾಯಶಾಸ್ತ್ರಜ್ಞರೇ ಒಪ್ಪಿದ್ದರು. ಪತ್ರ ತಲುಪಿ ಓದಿದ ಬೈಠಕ್ಕೇ ಅಲ್ಲಿ ಮಜ್ಲಿಸ್ ಆಗುತ್ತದೆ.

ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿಯು 1990ರ ಮಾರ್ಚ್ ತಿಂಗಳಲ್ಲಿ ಜೆಡ್ಡಾ ನಗರದಲ್ಲಿ ನಡೆದ ತನ್ನ ಆರನೆಯ ಅಧಿವೇಶನದಲ್ಲಿ ಈ ವಿಷಯವನ್ನೇ ಎತ್ತಿಕೊಂಡಿತು. ಪತ್ರ, ತಂತಿ, ಟೆಲೆಕ್ಸ್, ಫ್ಯಾಕ್ಸ್, ಅಷ್ಟೇ ಅಲ್ಲದೆ ಗಣಕಯಂತ್ರದ ಪರದೆಯ ಮೂಲಕವೂ ಪ್ರಸ್ತಾಪ ತಲುಪಿ ಸ್ವೀಕೃತವಾದರೆ ಕರಾರು ಸಿಂಧುವೆಂದೂ, ದೂರವಾಣಿಯಲ್ಲಿ ಮಾತನಾಡುವವರನ್ನು ಎದುರೆದುರು ಇರುವವರೆಂದೇ ಭಾವಿಸಬೇಕೆಂದೂ ನಿರ್ಣಯಿಸಿತು. ಸಾಕ್ಷಿಗಳು ಬೇಕಾದ ವಿವಾಹವನ್ನೂ, ಕೈಯಿಂದ ಕೈಗೆ ಕೊಡಲೇಬೇಕಾದ ನಾಣ್ಯ ವಿನಿಮಯವನ್ನೂ, ಬೆಲೆಯನ್ನು ಮೊದಲೇ ತೆತ್ತು ಸರಕನ್ನು ಅನಂತರ ಪಡೆಯುವ ಸಲಮ್ ವ್ಯಾಪಾರವನ್ನೂ ಈ ನಿಯಮದಿಂದ ಹೊರಗಿಟ್ಟಿತು. ನಮ್ಮಲ್ಲಿ ಮನೆಮನೆಗೆ ಅಂತರಜಾಲ ಬರುವುದಕ್ಕೆ ಎಷ್ಟೋ ಮೊದಲೇ ಆದ ನಿರ್ಣಯವಿದು. ಪರದೆಯೆಂಬ ಕಾರಣಕ್ಕೆ ಕರಾರು ನಿಷಿದ್ಧವೆಂದು ಷರಿಯತ್ತು ಹೇಳುವುದಿಲ್ಲ. ಅದರ ಆಕ್ಷೇಪವಿರುವುದು ಒಳಗಿನ ಹೂರಣದ ಮೇಲೆ.

ಹೂರಣದಲ್ಲಿ ಎರಡು ದೋಷಗಳಿರಬಾರದು. ಒಂದು ರಿಬಾ, ಅಂದರೆ ಸಾಲದ ಮೇಲೆ ಪಡೆಯುವ ಹೆಚ್ಚಳ. ಬ್ಯಾಂಕಿನ ಬಡ್ಡಿಯೂ ರಿಬಾ ಎಂಬುದೇ ಬಹುಸಂಖ್ಯಾತ ಶಾಸ್ತ್ರಜ್ಞರ ಮತ. ಇನ್ನೊಂದು ಗರರ್, ಅಂದರೆ ಕರಾರಿನ ಮುಖ್ಯ ವಿಷಯದಲ್ಲಿರುವ ಅಸ್ಪಷ್ಟತೆ. ಬಲೆಗೆ ಇನ್ನೂ ಬೀಳದ ಮೀನನ್ನು ಮಾರುವುದು ಇದರ ಹಳೆಯ ಉದಾಹರಣೆ. ಏನು ಕೊಡುತ್ತೇವೆ, ಏನು ಪಡೆಯುತ್ತೇವೆ ಎಂಬುದು ಇಬ್ಬರಿಗೂ ತಿಳಿದಿರಬೇಕು.

ಮೊದಲನೆಯ ದೋಷಕ್ಕೆ ನನ್ನಂಥ ಬ್ಯಾಂಕಿನ ನೌಕರನಲ್ಲಿ ಮದ್ದಿಲ್ಲ. ಬಡ್ಡಿಯಿಲ್ಲದ ಚಾಲ್ತಿ ಖಾತೆಯನ್ನಷ್ಟೇ ಇಡುವವರನ್ನೂ, ಉಳಿತಾಯ ಖಾತೆಗೆ ಬಂದ ಬಡ್ಡಿಯನ್ನು ಲೆಕ್ಕಹಾಕಿ ಬಡವರಿಗೆ ಕೊಟ್ಟುಬಿಡುವವರನ್ನೂ ನಾನು ಬಲ್ಲೆ. ಬಡ್ಡಿರಹಿತ ಬ್ಯಾಂಕಿಂಗನ್ನು 2008ರಲ್ಲಿ ರಘುರಾಮ್ ರಾಜನ್ ಸಮಿತಿಯೂ, ಬಡ್ಡಿರಹಿತ ಕಿಟಕಿಯನ್ನು 2015ರಲ್ಲಿ ದೀಪಕ್ ಮೊಹಂತಿ ಸಮಿತಿಯೂ ಶಿಫಾರಸು ಮಾಡಿದವು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಬ್ಯಾಂಕು ಸರಕನ್ನು ಕೊಂಡು ಲಾಭಕ್ಕೆ ಮಾರುವುದು ಇಸ್ಲಾಮೀ ಬ್ಯಾಂಕಿಂಗಿನ ಒಂದು ಮುಖ್ಯ ಪದ್ಧತಿ. ನಮ್ಮ 1949ರ ಬ್ಯಾಂಕಿಂಗ್ ನಿಯಂತ್ರಣ ಅಧಿನಿಯಮದ 8ನೆಯ ಕಲಮಾದರೋ ಬ್ಯಾಂಕು ವ್ಯಾಪಾರ ಮಾಡುವುದನ್ನೇ ನಿಷೇಧಿಸುತ್ತದೆ.

ಎರಡನೆಯ ದೋಷಕ್ಕೆ ಮಾತ್ರ ಮದ್ದುಂಟು. ಅಸ್ಪಷ್ಟತೆಯ ಕೇಡು ಒಂದು ಮತದವರನ್ನೇ ಆರಿಸಿ ತಟ್ಟುವುದಿಲ್ಲ. ನನ್ನ ಅಭಿಪ್ರಾಯದ ತಿರುಳು ಇರುವುದು ಇಲ್ಲಿಯೇ.

ಎರಡು ಸಂಪ್ರದಾಯಗಳು, ಒಂದೇ ನ್ಯಾಯ

ಕುರಾನಿನ ಎರಡನೆಯ ಅಧ್ಯಾಯದ 282ನೆಯ ಸೂಕ್ತ ಆ ಗ್ರಂಥದಲ್ಲಿಯೇ ಅತಿ ದೀರ್ಘವಾದದ್ದು. ಅದರ ವಿಷಯ ಸಾಲದ ಪತ್ರ. ಸಾಲ ಚಿಕ್ಕದಿರಲಿ ದೊಡ್ಡದಿರಲಿ, ಅವಧಿಸಹಿತ ಬರೆದಿಡಬೇಕು. ಬರೆಯುವವನು ನ್ಯಾಯದಿಂದ ಬರೆಯಬೇಕು. ಸಾಕ್ಷಿಗಳಿರಬೇಕು ಎಂದು ಅದು ವಿಧಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಪತ್ರದ ಒಕ್ಕಣೆಯನ್ನು ಹೇಳಿ ಬರೆಯಿಸಬೇಕಾದವನು ಸಾಲ ಕೊಡುವವನಲ್ಲ, ತೀರಿಸುವವನು. ಅವನಿಗೆ ಆ ಶಕ್ತಿಯಿಲ್ಲದಿದ್ದರೆ ಅವನ ಪರವಾಗಿ ಅವನ ಪೋಷಕನು ಹೇಳಬೇಕು. ತಾನು ಹೊರುವ ಹೊರೆಯನ್ನು ಮನುಷ್ಯನು ತನ್ನ ಬಾಯಿಂದಲೇ ಹೇಳಬೇಕೆಂಬುದು ಎಂಥ ವಿವೇಕ!

ಇದು ಅನ್ಯರ ಶಾಸ್ತ್ರ, ನಮಗೇಕೆ ಎನ್ನುವವರು ನಮ್ಮದೇ ನಾಡಿನತ್ತ ನೋಡಬಹುದು. ನಾವೀಗ ವಾಸವಾಗಿರುವ ಈ ಕಲ್ಯಾಣದ ಹೆಸರನ್ನೇ ಹೊತ್ತ ನಮ್ಮ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಲಪತ್ರದ ವಿಧಿಯಿದೆ. ಬರೆದು ಮುಗಿದ ಮೇಲೆ ಸಾಲಗಾರನು, ಮೇಲೆ ಬರೆದದ್ದು ತನಗೆ ಸಮ್ಮತವೆಂದು ತನ್ನ ಕೈಯಿಂದಲೇ ಹೆಸರನ್ನು ಬರೆಯಬೇಕು. ಸ್ವಹಸ್ತದಿಂದ ಬರೆದ ಪತ್ರ ಸಾಕ್ಷಿಗಳಿಲ್ಲದಿದ್ದರೂ ಪ್ರಮಾಣವೇ. ಆದರೆ ಬಲಾತ್ಕಾರದಿಂದಲೋ ಕಪಟದಿಂದಲೋ ಮಾಡಿಸಿದ್ದು ಪ್ರಮಾಣವಲ್ಲ. ಇಂದಿನ ಗುಪ್ತ ಸಂಖ್ಯೆಯೆಂದರೆ ಸಾಕ್ಷಿಯಿಲ್ಲದ ಸ್ವಹಸ್ತವೇ ತಾನೆ? ಬಡ್ಡಿಯ ಬಾಕಿಯು ಅಸಲನ್ನು ಮೀರಕೂಡದೆಂಬ ದಾಮ್ದುಪಟ್ ನಿಯಮವೂ ನಮ್ಮ ಧರ್ಮಶಾಸ್ತ್ರದ್ದೇ. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಅದನ್ನು ಅನ್ವಯಿಸುತ್ತಿದ್ದವು. ಒಂದು ಸಂಪ್ರದಾಯ ಬಡ್ಡಿಯನ್ನು ನಿಷೇಧಿಸಿತು, ಇನ್ನೊಂದು ಅದಕ್ಕೆ ಮಿತಿ ಹಾಕಿತು. ಅರಿಯದವನ ರುಜುವನ್ನು ಒಪ್ಪಿಗೆಯೆಂದು ಕರೆಯಲು ಎರಡೂ ಹಿಂಜರಿದವು.

ನಮ್ಮ ಕರಾವಳಿಯಲ್ಲಿ ಈ ಎರಡು ಸಂಪ್ರದಾಯದವರೂ ಒಂದೇ ಬ್ಯಾಂಕಿನ ಜಗಲಿಯಲ್ಲಿ ಕುಳಿತವರು. 1906ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯ ಸ್ಥಾಪಕರು ಹಾಜಿ ಅಬ್ದುಲ್ಲಾ ಸಾಹೇಬರೆಂಬುದನ್ನು ಇಲ್ಲಿಯ ಕಿರಿಯರು ತಿಳಿದಿರಬೇಕು. ಅದೇ ಉಡುಪಿಯ ಇನ್ನೊಂದು ಬ್ಯಾಂಕು ಹುಟ್ಟುಹಾಕಿದ ಪಿಗ್ಮಿ ಠೇವಣಿಯ ಪದ್ಧತಿಯಲ್ಲಿ ಏಜೆಂಟನು ದಿನವೂ ಅಂಗಡಿಯ ಬಾಗಿಲಿಗೇ ಬರುತ್ತಿದ್ದ. ಸಂದೇಹವಿದ್ದರೆ ಮರುದಿನ ಅವನನ್ನೇ ನಿಲ್ಲಿಸಿ ಕೇಳಬಹುದಾಗಿತ್ತು. ಪರದೆಯಲ್ಲಿ ಇಲ್ಲದಿರುವುದು ಆ ನಿಲ್ಲಿಸಿ ಕೇಳುವ ಅವಕಾಶ.

ಹೆಸರಿನಿಂದಲೇ ಶುದ್ಧಿಯಿಲ್ಲ

ಹಾಗೆಂದು ‘ಹಲಾಲ್’ ಎಂಬ ಹೆಸರು ಅಂಟಿಸಿದ ಮಾತ್ರಕ್ಕೆ ಕರಾರು ಶುದ್ಧವಾಗುವುದಿಲ್ಲ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಸಂಸ್ಥೆಯ ಕಥೆಯನ್ನು ವಾಚಕರು ಮರೆತಿರಲಾರರು. ಬಡ್ಡಿಯಲ್ಲ, ಲಾಭದ ಪಾಲು ಎಂದು ಹೇಳಿ ತಿಂಗಳು ತಿಂಗಳು ಹಣ ಕೊಡುತ್ತಿದ್ದ ಆ ಸಂಸ್ಥೆ 2019ರ ಜೂನ್ ತಿಂಗಳಲ್ಲಿ ಕುಸಿದಾಗ ಹತ್ತಾರು ಸಾವಿರ ಜನರು ದೂರು ಕೊಟ್ಟರು. ಹಣ ಹಾಕಿದವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಕಾಗದದಲ್ಲಿ ತೋರಿಸಲಾಗಿತ್ತು. ಪಾಲುದಾರನಾಗುವುದೆಂದರೆ ನಷ್ಟಕ್ಕೂ ಹೆಗಲು ಕೊಡುವುದೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು? ರಿಬಾವನ್ನು ತಪ್ಪಿಸಲು ಹೋದವರು ಅದಕ್ಕಿಂತ ದೊಡ್ಡ ಗರರ್‌ನಲ್ಲಿ ಬಿದ್ದರು. ಬಡ್ಡಿಯಿರುವ ಕರಾರಾಗಲಿ ಇಲ್ಲದ ಕರಾರಾಗಲಿ, ಓದದೆ ಒಪ್ಪಿದರೆ ಪರಿಣಾಮ ಒಂದೇ.

ಲೆಕ್ಕದ ಮಾತು

ಈಗ ಸಾಹೇಬರ ಸಾಲದ ಲೆಕ್ಕ ನೋಡೋಣ. ಪರದೆಯ ಮೇಲೆ ತೋರಿಸಿದ ಬಡ್ಡಿ ಶೇಕಡಾ 18. ಸಾಲ 50,000, ಹನ್ನೆರಡು ಕಂತು, ಕಂತಿಗೆ 4,584, ಒಟ್ಟು ಕೊಡಬೇಕಾದ್ದು 55,008. ಆದರೆ ಕೈಗೆ ಬಂದದ್ದು 48,000 ಮಾತ್ರ. ಸಂಸ್ಕರಣ ಶುಲ್ಕ 1,000, ಅದರ ಮೇಲಿನ ತೆರಿಗೆ 180, ಕೇಳದೆಯೇ ಸೇರಿಸಿದ ವಿಮೆ 820 ಮೊದಲೇ ಮುರಿದುಕೊಂಡಿದ್ದರು. ಕೈಗೆ ಬಂದ ಹಣಕ್ಕೆ ಹೋಲಿಸಿ ಗಣಿಸಿದರೆ ನಿಜವಾದ ವಾರ್ಷಿಕ ದರ ಸುಮಾರು ಶೇಕಡಾ 26 ಆಗುತ್ತದೆ. ಹದಿನೆಂಟಕ್ಕೆ ಒಪ್ಪಿದವನು ಇಪ್ಪತ್ತಾರಕ್ಕೂ ಒಪ್ಪಿದನೆಂದು ಹೇಳಲು ಸಾಧ್ಯವೇ?

ಈ ಅನ್ಯಾಯವನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರ ಸುತ್ತೋಲೆಯಲ್ಲಿ ಒಂದು ಕಟ್ಟಳೆ ಮಾಡಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಹಾಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆಲ್ಲ, ಕರಾರಿಗೆ ಮೊದಲು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿದ ವಾರ್ಷಿಕ ದರವನ್ನು ಅದರಲ್ಲಿ ತೋರಿಸಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿ, ತಿಳಿಯಿತೆಂದು ಅವನಿಂದ ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಅದಕ್ಕೂ ಹೆಚ್ಚು ಅವಧಿಯ ಸಾಲವಾದರೆ ಆ ಪತ್ರದ ನಿಬಂಧನೆಗಳು ಕನಿಷ್ಠ ಮೂರು ಕೆಲಸದ ದಿನಗಳವರೆಗೆ ಊರ್ಜಿತವಾಗಿರಬೇಕು. ಅಂದರೆ ಅಷ್ಟು ದಿನ ಯೋಚಿಸಲು ಅವಕಾಶವಿದೆ. ಮೊಬೈಲಿನ ಮೂಲಕ ಪಡೆದ ಸಾಲವನ್ನು, ಕನಿಷ್ಠ ಒಂದು ದಿನದ ಗಡುವಿನೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕೊಟ್ಟು, ದಂಡವಿಲ್ಲದೆ ಹಿಂದಿರುಗಿಸುವ ಹಕ್ಕೂ ಉಂಟು. ಇದಲ್ಲದೆ ದಂಡದ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವುದನ್ನು 2023ರ ಆಗಸ್ಟ್ ತಿಂಗಳ ಸುತ್ತೋಲೆ ನಿಷೇಧಿಸಿದೆ.

ಈ ಕಟ್ಟಳೆಗಳನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಕರಾರನ್ನು ಹಿಂತೆಗೆದುಕೊಳ್ಳುವ ಈ ಹಕ್ಕಿಗೆ ಇಸ್ಲಾಮೀ ಶಾಸ್ತ್ರದಲ್ಲಿ ಖಿಯಾರ್ ಎಂಬ ಹೆಸರಿದೆ. ವ್ಯಾಪಾರಕ್ಕೆ ಕುಳಿತವರು ಬೈಠಕ್ಕಿನಿಂದ ಎದ್ದು ಬೇರೆಯಾಗುವವರೆಗೆ ಇಬ್ಬರಿಗೂ ಹಿಂಜರಿಯುವ ಹಕ್ಕಿದೆಯೆಂದು ಶಾಫಿ ಪಂಥದವರು ಹೇಳುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಇಲ್ಲಿಯ ಕೊಂಕಣಿ ಮುಸ್ಲಿಮರೂ ಈ ಪಂಥದವರೇ. ಷರತ್ತು ಹಾಕಿ ಇಟ್ಟುಕೊಳ್ಳುವ ಖಿಯಾರ್‌ಗೆ ಇಮಾಮ್ ಅಬೂ ಹನೀಫಾ ನಿಗದಿಪಡಿಸಿದ ಮಿತಿ ಮೂರು ದಿನ. ಸಾವಿರ ವರ್ಷಕ್ಕೂ ಹಿಂದಿನ ನ್ಯಾಯಶಾಸ್ತ್ರಜ್ಞನೂ ಇಂದಿನ ರಿಸರ್ವ್ ಬ್ಯಾಂಕೂ ಬೇರೆ ಬೇರೆ ದಾರಿಯಿಂದ ಬಂದು, ಮನುಷ್ಯನಿಗೆ ಯೋಚಿಸಲು ಮೂರು ದಿನ ಬೇಕೆಂಬ ಒಂದೇ ಲೆಕ್ಕಕ್ಕೆ ತಲುಪಿದ್ದಾರೆ!

ಆಗಬೇಕಾದ್ದೇನು?

ಕಟ್ಟಳೆ ಇದ್ದರೆ ಸಾಲದು, ಅದು ಬಳಕೆಗೆ ಬರಬೇಕು. ತಿಳಿಯುವ ಭಾಷೆ ಎಂದರೆ ಯಾವುದು? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮರಾಠಿಯಲ್ಲಿ ವ್ಯವಹರಿಸಬಲ್ಲ, ಹಿಂದಿಯಲ್ಲಿ ಚೌಕಾಸಿ ಮಾಡಬಲ್ಲ ನಮ್ಮ ಹಿರಿಯರು ಸಾಲದ ನಿಬಂಧನೆಯನ್ನು ಅರ್ಥಮಾಡಿಕೊಳ್ಳುವುದು ಕನ್ನಡದಲ್ಲಿ ಮಾತ್ರ. ಮೊದಲ ಪರದೆಯಲ್ಲಿಯೇ ಭಾಷೆಯನ್ನು ಆರಿಸುವ ಅವಕಾಶವಿರಬೇಕು. ಕೈಗೆ ಬರುವ ಮೊತ್ತ, ಒಟ್ಟು ತೆರಬೇಕಾದ ಮೊತ್ತ, ನಿಜವಾದ ವಾರ್ಷಿಕ ದರ ಈ ಮೂರು ಅಂಕಿಗಳು ದಪ್ಪಕ್ಷರದಲ್ಲಿ ಮೊದಲು ಕಾಣಿಸಬೇಕು. ಒಪ್ಪಿಗೆಯ ಗುಂಡಿ ಅನಂತರ ಬರಲಿ. ಹಿಂದಿರುಗಿಸುವ ಗಡುವು ಎಂದಿಗೆ ಮುಗಿಯುವುದೆಂಬ ದಿನಾಂಕವನ್ನೂ ಅಲ್ಲಿಯೇ ತೋರಿಸಬೇಕು. ಇದರಿಂದ ಸಾಲಗಳ ಸಂಖ್ಯೆ ಇಳಿಯಬಹುದೆಂದು ನನ್ನ ವೃತ್ತಿಬಾಂಧವರು ಆಕ್ಷೇಪಿಸಬಹುದು. ಮಾರ್ಚ್ ತಿಂಗಳಲ್ಲಿ ಗುರಿ ಮುಟ್ಟಲು ಓಡಾಡುವವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚಲಾರೆ. ಆದರೆ ತಿಳಿಯದೆ ತೆಗೆದುಕೊಂಡ ಸಾಲವೇ ಮುಂದೆ ವಸೂಲಾಗದ ಸಾಲವೆಂಬುದು ನಮ್ಮ ಪುಸ್ತಕಗಳೇ ಕಲಿಸಿದ ಪಾಠ.

ಮೊಬೈಲ್ ಬ್ಯಾಂಕಿಂಗ್ ಕೆಟ್ಟದ್ದೆಂದು ನನ್ನ ವಾದವಲ್ಲ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚುವವನು ರಜೆ ಹಾಕದೆ, ದಲ್ಲಾಳಿಗೆ ಕೈಬಿಸಿ ಮಾಡದೆ ಹಣ ಪಡೆಯುವುದು ದೊಡ್ಡ ಅನುಕೂಲವೇ. ಆದರೆ ಅನುಕೂಲದ ವೇಗ ಅರಿವಿನ ವೇಗವನ್ನು ಮೀರಬಾರದು.

ನಮ್ಮ ಸಂಘಗಳೂ ಇಲ್ಲಿ ಒಂದು ಕೆಲಸ ಮಾಡಬಹುದು. ಆರೋಗ್ಯ ತಪಾಸಣಾ ಶಿಬಿರದ ದಿನ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜನ್ನು ಹಾಕೋಣ. ಬ್ಯಾಂಕುಗಳಿಂದ ನಿವೃತ್ತರಾದ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇಬ್ಬರು ಕುಳಿತು, ಬಂದವರ ಸಾಲಪತ್ರವನ್ನು ಕನ್ನಡದಲ್ಲಿ ಓದಿ ಹೇಳಲಿ. ಆ್ಯಪ್‌ನ ಹೆಸರು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಡಲಿ. ವಂಚನೆಯಾಗಿದ್ದರೆ 1930 ಸಂಖ್ಯೆಗೆ ಕೂಡಲೇ ದೂರು ಕೊಡುವಂತೆ ತಿಳಿಸಲಿ. ಮುಂಬ್ರಾದವರೂ ಭಿವಂಡಿಯವರೂ ಆ ಮೇಜಿಗೆ ಬರುವಂತಾಗಲಿ. ಒಕ್ಕಣೆ ಹೇಳಲಾರದವನ ಪರವಾಗಿ ಪೋಷಕನು ಹೇಳಬೇಕೆಂದು ಹಳೆಯ ಗ್ರಂಥ ವಿಧಿಸಿತು. ಊರು ಬಿಟ್ಟು ಬಂದವರಿಗೆ ಸಂಘವಲ್ಲದೆ ಬೇರೆ ಪೋಷಕರು ಯಾರಿದ್ದಾರೆ?

ಸಾಹೇಬರ ವಿಷಯದಲ್ಲಿ ಹಿಂದಿರುಗಿಸುವ ಗಡುವು ಎಂದೋ ಮುಗಿದುಹೋಗಿತ್ತು. ಅಂಗಡಿಯ ಸರಕಿಗೆಂದು ಇಟ್ಟಿದ್ದ ಹಣವನ್ನೂ ಸೇರಿಸಿ, ಉಳಿದ ಅಸಲನ್ನೂ ಅಂದಿನವರೆಗಿನ ಬಡ್ಡಿಯನ್ನೂ ಕೊಟ್ಟು ಅವರು ಸಾಲವನ್ನು ಚುಕ್ತಾ ಮಾಡಿದರು. ಶುಲ್ಕ, ವಿಮೆಗಳ 2,000 ರೂಪಾಯಿ ಮರಳಿ ಬರಲಿಲ್ಲ. ನಾನು ಓದಿದ್ದನ್ನೆಲ್ಲ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕೇಳಿದರು. “ಹೋದದ್ದು ಹೋಯಿತು ಸಾರ್. ಇನ್ನೊಬ್ಬ ಒತ್ತುವ ಮೊದಲು ಯಾರಾದರೂ ಓದಿ ಹೇಳಿದರೆ ಸಾಕು” ಎಂದು ಎದ್ದರು.

ಆ ಓದಿ ಹೇಳುವ ಕೆಲಸ ಮುಂದಿನ ಶಿಬಿರದಿಂದಲೇ ಆರಂಭವಾಗಲೆಂದು ಹಾರೈಸಿ, ಮೇಜಿನ ಹಿಂದಿನ ಒಂದು ಕುರ್ಚಿಗೆ ನನ್ನ ಹೆಸರನ್ನು ಈಗಲೇ ಕೊಟ್ಟು ವಿರಮಿಸುತ್ತೇನೆ.